ಪಿಸ್ತೂಲು ಮತ್ತು ಪ್ರಮಾದ

ಪೂರ್ಣ ಗಾತ್ರದ ಸ್ಟೇನ್‌ಲೆಸ್ ಸ್ಟೀಲ್ ಪಿಸ್ತೂಲನ್ನು ಕೈಗೆತ್ತಿಕೊಂಡವರಿಗೆ ಮೊದಲು ಗೊತ್ತಾಗುವುದು ಅದರ ತೂಕ. ಅಮೆರಿಕದ ಸ್ಮಿತ್ ಅಂಡ್ ವೆಸನ್ ಕಂಪನಿ 1980ರ ದಶಕದ ಕೊನೆಗೆ ಹೊರತಂದ 5906 ಮಾದರಿ ಈ ಜಾತಿಗೆ ಒಳ್ಳೆಯ ಉದಾಹರಣೆ. ನಳಿಕೆ 4 ಇಂಚು, ಮ್ಯಾಗಜೀನಿನಲ್ಲಿ 9 ಮಿ.ಮೀ. ಅಳತೆಯ 15 ಕಾಡತೂಸು. ಖಾಲಿ ಇರುವಾಗಲೇ ಕಿಲೋಗಿಂತ ತುಸು ಹೆಚ್ಚು ತೂಗುತ್ತದೆ. ಈ ಭಾರದಿಂದಾಗಿಯೇ ಗುಂಡು ಹಾರಿದಾಗ ಕೈಗೆ ಬೀಳುವ ಒದೆತ ಕಡಿಮೆ, ಗುರಿ ಬೇಗ ನೆಲೆಗೆ ಬರುತ್ತದೆ. ಉಕ್ಕಿಗೆ ಕನಿಷ್ಠ ಶೇ 10.5ರಷ್ಟು ಕ್ರೋಮಿಯಂ ಬೆರೆತರೆ ಅದರ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ ಕಟ್ಟುತ್ತದೆ. ಗೀರು ಬಿದ್ದರೂ ಗಾಳಿ ತಾಗಿದೊಡನೆ ಮತ್ತೆ ಕೂಡಿಕೊಳ್ಳುತ್ತದೆ. ಬೆವರು, ಮಳೆ, ಸೊಂಟದ ಶಾಖ ಯಾವುದಕ್ಕೂ ಅದು ಸುಲಭವಾಗಿ ತುಕ್ಕು ಹಿಡಿಯುವುದಿಲ್ಲ.

ಅರೆಸ್ವಯಂಚಾಲಿತ ಎಂದರೆ ಟ್ರಿಗರ್ ಒಂದು ಸಲ ಎಳೆದರೆ ಒಂದೇ ಗುಂಡು. ಒದೆತಕ್ಕೆ ಸ್ಲೈಡ್ ಹಿಂದೆ ಸರಿದು ಖಾಲಿ ಕಾಡತೂಸನ್ನು ಹೊರಗೆಸೆಯುತ್ತದೆ, ಹ್ಯಾಮರನ್ನು ಹಿಂದಕ್ಕೆ ಮಲಗಿಸುತ್ತದೆ, ಮುಂದೆ ಬರುವಾಗ ಹೊಸ ಕಾಡತೂಸನ್ನು ನಳಿಕೆಯ ಬುಡಕ್ಕೆ ತಳ್ಳುತ್ತದೆ. ಉಳಿದೆಲ್ಲ ಕೆಲಸ ಯಂತ್ರದ್ದು. ಎರಡನೆಯ ಗುಂಡಿಗೆ ಮಾತ್ರ ಬೆರಳು ಸಡಿಲಿಸಿ ಮತ್ತೆ ಎಳೆಯಬೇಕು. ಧರ್ಮವಿಚಾರಕ್ಕೆ ಇದು ಸಣ್ಣ ಸಂಗತಿಯಲ್ಲ. ಇಲ್ಲಿ ಗುಂಡುಗಳೆಷ್ಟೋ ಸಂಕಲ್ಪಗಳೂ ಅಷ್ಟು. 1948ರ ಜನವರಿ 30ರಂದು ಗಾಂಧೀಜಿಯ ಮೇಲೆ ಹಾರಿದ್ದು ಬೆರೆಟ್ಟಾ ಎಂಬ, ಗಾತ್ರದಲ್ಲಿ ಚಿಕ್ಕದಾದ ಇದೇ ಬಗೆಯ ಪಿಸ್ತೂಲು. ಗುಂಡುಗಳು ಮೂರು, ಬೆರಳು ಮೂರು ಸಲ ಎಳೆದಿತ್ತು.

ಹಾಗಿದ್ದರೆ ಹಿಂಸೆಯ ಪಾಪ ಬೆರಳಿನದೋ, ಉಕ್ಕಿನದೋ? 5906 ಪಿಸ್ತೂಲಿನ ಒಳಗಿನ ಭದ್ರತಾ ಏರ್ಪಾಡುಗಳನ್ನು ಗಮನಿಸಿದರೆ ಈ ಪ್ರಶ್ನೆಯ ಅರ್ಧಕ್ಕೆ ಉತ್ತರ ಸಿಗುತ್ತದೆ. ಕೈಜಾರಿ ನೆಲಕ್ಕೆ ಬಿದ್ದರೂ ಗುಂಡು ಹಾರದಂತೆ ಫೈರಿಂಗ್ ಪಿನ್ನಿಗೆ ಅಡ್ಡವಾಗಿ ಒಂದು ತಡೆ ಇದೆ. ಟ್ರಿಗರ್ ಪೂರ್ತಿ ಹಿಂದೆ ಹೋದಾಗಷ್ಟೇ ಅದು ಸರಿಯುತ್ತದೆ. ಸ್ಲೈಡಿನ ಎರಡೂ ಬದಿಯಲ್ಲಿರುವ ಸನ್ನೆಯನ್ನು ಒತ್ತಿದರೆ ಮೇಲೆದ್ದ ಹ್ಯಾಮರ್ ಗುಂಡು ಹಾರಿಸದೆ ಕೆಳಗಿಳಿಯುತ್ತದೆ. ಹ್ಯಾಮರ್ ಕೆಳಗಿರುವಾಗ ಮೊದಲ ಗುಂಡಿಗೆ ಟ್ರಿಗರನ್ನು ದೂರದವರೆಗೆ, ಬಲವಾಗಿ ಎಳೆಯಬೇಕು. ನಾಲ್ಕನೆಯದು ಮುಖ್ಯ: ಮ್ಯಾಗಜೀನ್ ತೆಗೆದರೆ ಈ ಪಿಸ್ತೂಲು ಗುಂಡು ಹಾರಿಸುವುದೇ ಇಲ್ಲ. ಮ್ಯಾಗಜೀನ್ ತೆಗೆದಾಯಿತು, ಇನ್ನೇನೂ ಇಲ್ಲ ಎಂದುಕೊಂಡು ನಳಿಕೆಯ ಬುಡದಲ್ಲಿ ಉಳಿದ ಒಂದು ಕಾಡತೂಸನ್ನು ಮರೆಯುವುದು ಪಿಸ್ತೂಲಿನ ಅವಘಡಗಳಲ್ಲಿ ತೀರಾ ಮಾಮೂಲಿ.

ಈ ನಾಲ್ಕೂ ತಡೆಯುವುದು ಒಂದನ್ನೇ, ಅಜಾಗರೂಕತೆಯನ್ನು. ಜೈನ ದರ್ಶನದಲ್ಲಿ ಅದಕ್ಕೆ ಪ್ರಮಾದ ಎಂದು ಹೆಸರು. ಉಮಾಸ್ವಾತಿಯ ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಬರೀ ಪ್ರಾಣಹರಣವನ್ನು ಹೇಳಿಲ್ಲ. ಪ್ರಮಾದದಿಂದ ಕೂಡಿದ ಪ್ರಾಣಹರಣ ಎಂದಿದೆ. ಈ ಪ್ರಮಾದದಲ್ಲಿ ಮೈಮರೆವೂ ಸೇರಿದೆ, ಕ್ರೋಧ ಲೋಭಗಳಂಥ ಕಷಾಯಗಳೂ ಸೇರಿವೆ. ಪಿಸ್ತೂಲಿನ ಕೀಲುಗಳು ಮೊದಲಿನದನ್ನು ಹಿಡಿದು ನಿಲ್ಲಿಸಬಲ್ಲವು. ಸಿಟ್ಟಿನಿಂದ ಎಳೆದ ಬೆರಳಿಗೆ ಅವೆಲ್ಲ ದಾರಿ ಬಿಡುತ್ತವೆ, ಬಿಡಲೆಂದೇ ಮಾಡಿದವು.

ಅದೇ ಗ್ರಂಥದಲ್ಲಿ ಕರ್ಮ ಒಳಹರಿಯಲು ಜೀವವಷ್ಟೇ ಅಲ್ಲ, ಅಜೀವವೂ ಆಧಾರವಾಗುತ್ತದೆ ಎಂಬ ಮಾತಿದೆ. ವಸ್ತುವನ್ನು ತಯಾರಿಸುವುದು, ಇಡುವುದು, ಒಂದನ್ನೊಂದಕ್ಕೆ ಜೋಡಿಸುವುದು ಇವೆಲ್ಲ ಆ ಲೆಕ್ಕಕ್ಕೆ ಬರುತ್ತವೆ. ಇಡುವುದರಲ್ಲೇ ವ್ಯಾಖ್ಯಾನಕಾರರು ನಾಲ್ಕು ತಪ್ಪು ಗುರುತಿಸಿದ್ದಾರೆ: ನೋಡದೆ ಇಡುವುದು, ಸರಿಯಾಗಿ ಒರೆಸದೆ ಇಡುವುದು, ಅವಸರದಲ್ಲಿ ಇಡುವುದು, ಪರಿವೆಯೇ ಇಲ್ಲದೆ ಇಡುವುದು. ಗುಂಡು ತುಂಬಿದ ಪಿಸ್ತೂಲನ್ನು ಮೇಜಿನ ಖಾನೆಯಲ್ಲಿ ಬಿಟ್ಟು ಮಕ್ಕಳಿರುವ ಮನೆಯಿಂದ ಹೊರಹೋದವನ ತಪ್ಪನ್ನು ಇದಕ್ಕಿಂತ ಕರಾರುವಾಕ್ಕಾಗಿ ವಿಂಗಡಿಸುವುದು ಕಷ್ಟ. ಗುಂಡು ಹಾರದಿದ್ದರೂ ತಪ್ಪು ಆಗಲೇ ಆಗಿದೆ ಎಂಬುದು ಇಲ್ಲಿನ ನಿಲುವು.

ಆಯುಧವನ್ನೇ ಹಿಡಿಯಬಾರದೆಂದು ಈ ದರ್ಶನ ಗೃಹಸ್ಥರಿಗೆ ವಿಧಿಸಲಿಲ್ಲ. ಹಾಗೆ ವಿಧಿಸಿದ್ದರೆ ಗಂಗರು ಜೈನರಾಗಿ ಉಳಿಯುತ್ತಿರಲಿಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ, ಕ್ರಿ.ಶ. 949-50ರ ಶಾಸನದಲ್ಲಿ ಗಂಗ ಅರಸ ಇಮ್ಮಡಿ ಬೂತುಗ ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನನ್ನು ಸುರಿಗೆಯಿಂದ ಇರಿದು ಕೊಂದದ್ದು ಕೀರ್ತಿಯಾಗಿಯೇ ದಾಖಲಾಗಿದೆ. ಬೂತುಗನ ಮಗ ಮಾರಸಿಂಹ ಹಲವು ಯುದ್ಧ ಗೆದ್ದವನು. ಕೊನೆಗೆ ಬಂಕಾಪುರದಲ್ಲಿ ಅಜಿತಸೇನ ಗುರುಗಳ ಸನ್ನಿಧಿಯಲ್ಲಿ, ಉಪವಾಸದಿಂದ ದೇಹ ಬಿಡುವ ಸಲ್ಲೇಖನ ವ್ರತ ಕೈಗೊಂಡ. ಅವನಲ್ಲಿ ದಂಡನಾಯಕನಾಗಿದ್ದ ಚಾವುಂಡರಾಯ ಸಮರಪರಶುರಾಮ ಎಂಬ ಬಿರುದು ಹೊತ್ತವನು, ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದವನೂ ಅವನೇ. ಈ ಇಬ್ಬಂದಿಗೆ ದಾರಿಯಾಗಿ ಜೈನ ಚಿಂತಕರು ಹಿಂಸೆಯನ್ನು ನಾಲ್ಕಾಗಿ ಬಿಡಿಸಿದರು: ಕೊಲ್ಲಬೇಕೆಂದೇ ಕೊಲ್ಲುವ ಸಂಕಲ್ಪಿ, ಮನೆವಾರ್ತೆಯ ಆರಂಭಿ, ಕಸುಬಿನ ಉದ್ಯೋಗಿ, ಎದುರಿಸಿ ಕಾಯುವ ವಿರೋಧಿ. ಗೃಹಸ್ಥ ಪೂರ್ತಿ ಬಿಡಲೇಬೇಕಾದದ್ದು ಮೊದಲನೆಯದನ್ನು. ಕಾಯುವುದು ಎಲ್ಲಿ ಮುಗಿದು ಕೊಲ್ಲುವುದು ಎಲ್ಲಿ ಶುರುವಾಗುತ್ತದೆ ಎಂಬ ತಕರಾರು ಮಾತ್ರ ಉಳಿದೇ ಉಳಿಯುತ್ತದೆ. ರಾಜ್ಯ ವಿಸ್ತರಿಸಲು ಹೋದ ಕಾಳಗವೆಲ್ಲ ವಿರೋಧಿಯ ಖಾತೆಗೆ ಬಿದ್ದದ್ದು ಅರಸರಿಗೆ ಅನುಕೂಲವಾಯಿತೆಂದು ಹೇಳದೆ ವಿಧಿಯಿಲ್ಲ.

ಚಾವುಂಡರಾಯ ನಿಲ್ಲಿಸಿದ ಗೊಮ್ಮಟನ, ಅಂದರೆ ಬಾಹುಬಲಿಯ, ಕಥೆಯಲ್ಲಿ ವಿವೇಕವುಳ್ಳ ಒಂದು ಆಯುಧ ಬರುತ್ತದೆ. 941ರಲ್ಲಿ ಪಂಪ ಬರೆದ ಆದಿಪುರಾಣದಲ್ಲೂ ಈ ಪ್ರಸಂಗವಿದೆ. ದೃಷ್ಟಿ, ಜಲ, ಮಲ್ಲ ಮೂರೂ ಯುದ್ಧಗಳಲ್ಲಿ ಸೋತ ಭರತ ತಾಳ್ಮೆ ಕಳೆದುಕೊಂಡು ತಮ್ಮನ ಮೇಲೆ ಚಕ್ರ ಪ್ರಯೋಗಿಸುತ್ತಾನೆ. ಚಕ್ರ ಬಾಹುಬಲಿಯನ್ನು ಕೊಲ್ಲದೆ ಬಲವಂದು ನಿಲ್ಲುತ್ತದೆ. ಒಡೆಯನ ಸಿಟ್ಟಿಗೆ ಆಯುಧವೇ ಒಪ್ಪದಿರುವ ಈ ಕಲ್ಪನೆಯ ಮುಂದಿಟ್ಟರೆ ಇಂದಿನ ಪಿಸ್ತೂಲಿನ ಕೊರತೆ ಎದ್ದು ಕಾಣುತ್ತದೆ. ಬಿದ್ದದ್ದೋ ಎಳೆದದ್ದೋ ಎಂಬುದು ಅದಕ್ಕೆ ಗೊತ್ತಾಗುತ್ತದೆ. ಎದುರಿಗಿರುವವನು ಅಣ್ಣನೋ ತಮ್ಮನೋ ಗೊತ್ತಾಗುವುದಿಲ್ಲ.

ಜೈನೇತರ ಆಚರಣೆಯಲ್ಲೂ ಆಯುಧ ಬರೀ ಜಡವಲ್ಲ. ಮಂಡ್ಯ ತಾಲ್ಲೂಕಿನ ಹೊಳಲಿನಂಥ ಕಬ್ಬು ಭತ್ತದ ಸೀಮೆಯ ಊರುಗಳಲ್ಲಿ ಮಹಾನವಮಿಯಂದು ನೇಗಿಲು, ಗುದ್ದಲಿ, ಕುಡುಗೋಲು, ಕಬ್ಬು ಕಡಿಯುವ ಮಚ್ಚು, ಟ್ರ್ಯಾಕ್ಟರು ಎಲ್ಲಕ್ಕೂ ಅರಿಶಿನ ಕುಂಕುಮ ಬೀಳುತ್ತದೆ, ಬೂದುಗುಂಬಳ ಒಡೆಯುತ್ತದೆ. ಆ ದಿನ ಅವುಗಳಿಗೆ ಕೆಲಸವಿಲ್ಲ. ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬದಂದು ಕೋವಿಗೆ ಹೂ ಮುಡಿಸಿ ಪೂಜಿಸುತ್ತಾರೆ. ವಿಚಿತ್ರವೆಂದರೆ ಜೈನ ಆಚಾರ್ಯ ಸಮಂತಭದ್ರನ ರತ್ನಕರಂಡಕ ಶ್ರಾವಕಾಚಾರದಲ್ಲಿಯೂ ಕೊಡಲಿ, ಕತ್ತಿ, ಗುದ್ದಲಿ ಒಂದೇ ಸಾಲಿನಲ್ಲಿ ಬರುತ್ತವೆ, ಆದರೆ ಪೂಜೆಗಲ್ಲ. ಕೊಲೆಗೆ ಕಾರಣವಾಗಬಲ್ಲ ಇಂಥವನ್ನು ಇನ್ನೊಬ್ಬರಿಗೆ ಕೊಡುವುದನ್ನು ಅಲ್ಲಿ ಹಿಂಸಾದಾನ ಎಂದು ಕರೆದು ದೋಷಗಳಲ್ಲಿ ಎಣಿಸಿದೆ. ಗುದ್ದಲಿಗೂ ಪಿಸ್ತೂಲಿಗೂ ವ್ಯತ್ಯಾಸವಿದೆ. ಗುದ್ದಲಿ ಒಂದು ಜೀವಮಾನವಿಡೀ ಬದು ಕಡಿದು ಸವೆಯಬಹುದು, ಮಚ್ಚು ಕಬ್ಬಿನ ಗದ್ದೆಯಲ್ಲೇ ಮುಕ್ಕಾಗಬಹುದು. ಗುರಿಯ ಆಟವನ್ನು ಬಿಟ್ಟರೆ 15 ಗುಂಡಿನ ಪಿಸ್ತೂಲಿಗೆ ಮನುಷ್ಯನನ್ನು ಹೊಡೆಯುವುದರ ಹೊರತು ಬೇರೆ ಕೆಲಸವಿಲ್ಲ. ಆಯುಧ ಬರೀ ಸಲಕರಣೆ ಎಂಬ ವಾದ ಮಚ್ಚಿಗೆ ಸಲ್ಲುವಷ್ಟು ಪಿಸ್ತೂಲಿಗೆ ಸಲ್ಲದು.

ನ್ಯಾಯಾಲಯದಲ್ಲಿ ಪಿಸ್ತೂಲು ಮುದ್ದೆಮಾಲು ಮಾತ್ರ, ಆರೋಪಿಯಲ್ಲ. ಆದರೆ 1959ರ ಶಸ್ತ್ರಾಸ್ತ್ರ ಕಾಯಿದೆಯಲ್ಲಿ ಹೊಣೆ ಗುಂಡು ಹಾರಿಸಿದವನಿಗೇ ನಿಂತಿಲ್ಲ: ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳುವುದು, ತಯಾರಿಸುವುದು, ಮಾರುವುದು ಒಂದೊಂದೂ ಅಪರಾಧ. 2019ರ ತಿದ್ದುಪಡಿಯ ನಂತರ ಸಾಮಾನ್ಯ ಲೈಸೆನ್ಸುದಾರ ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿದಿದೆ. ಹಿಂಸಾದಾನಕ್ಕೆ ತೀರ ಹತ್ತಿರ ಬರುವುದು ಕಾಯಿದೆಯ 29ನೇ ಕಲಂ. ಪಡೆಯುವವನಿಗೆ ಅರ್ಹತೆ ಇದೆಯೇ ಎಂದು ಖಾತ್ರಿ ಮಾಡಿಕೊಳ್ಳದೆ ಆಯುಧ ಅವನ ಕೈಗಿತ್ತವನಿಗೆ, ಅದರಿಂದ ಒಂದು ಗುಂಡೂ ಹಾರದಿದ್ದರೂ, ಅದರಡಿ ಶಿಕ್ಷೆ ಇದೆ.