ಗ್ರಹಣ ಬಡಿದ ತುಟಿ

ಮನುಷ್ಯದೇಹದಲ್ಲಿ ಎದ್ದು ಕಾಣುವ ವ್ಯತ್ಯಾಸವೊಂದನ್ನು ಕಂಡಾಗ ಮಗುವು ಕೇಳುವ ಪ್ರಶ್ನೆಗೂ, ಅದನ್ನೇ ಕಂಡ ಹಿರಿಯರು ತಮ್ಮ ಮನಸ್ಸಿನೊಳಗೆ ಕೇಳಿಕೊಳ್ಳುವ ಪ್ರಶ್ನೆಗೂ ಇರುವ ಅಂತರವು ಧರ್ಮಜಿಜ್ಞಾಸೆಗೆ ತಕ್ಕ ವಿಷಯವೆಂದು ನಾನು ಬಹುಕಾಲದಿಂದ ಭಾವಿಸಿಕೊಂಡು ಬಂದಿದ್ದೇನೆ. ಮಗು “ಇದೇನಾಯ್ತು?” ಎಂದು ಕೇಳುತ್ತದೆ, ಹಿರಿಯರು “ಇದು ಯಾರು ಮಾಡಿದ ಪಾಪ?” ಎಂದು ಕೇಳಿಕೊಳ್ಳುತ್ತಾರೆ. ಮೊದಲನೆಯದಕ್ಕೆ ಉತ್ತರವುಂಟು, ಅದನ್ನು ಹೇಳುವುದರಿಂದ ಯಾರ ಮನಸ್ಸೂ ನೋಯಬೇಕಾಗಿಲ್ಲ. ಎರಡನೆಯದಕ್ಕೆ ಉತ್ತರವನ್ನು ಬಲ್ಲವರು ಒಬ್ಬರೂ ಇಲ್ಲ, ಆದರೂ ಅದನ್ನು ಹೇಳದೆ ಬಿಡುವವರು ನಮ್ಮ ಊರುಗಳಲ್ಲಿ ವಿರಳ. ಹೀಗಿದ್ದೂ ಗದರಿಸಿ ಬಾಯಿ ಮುಚ್ಚಿಸುವುದು ಮಾತ್ರ ಮಗುವಿನದನ್ನೇ.

ನಾನು ಸೀಳುತುಟಿಯೊಡನೆ ಹುಟ್ಟಿದವನು. ಶಸ್ತ್ರಚಿಕಿತ್ಸೆಯಿಂದ ತುಟಿಯು ಕೂಡಿಕೊಂಡಿದ್ದರೂ ಮೂಗಿನ ಹೊಳ್ಳೆಯಿಂದ ಕೆಳಗಿಳಿಯುವ ಗೆರೆಯೊಂದು ಉಳಿದಿದೆ. ಮೂಗು ಒಂದು ಪಕ್ಕಕ್ಕೆ ವಾಲಿದೆ. ಕೆಲವು ಅಕ್ಷರಗಳು ಬಾಯಿಂದ ಬರುವಾಗ ಮೂಗನ್ನೂ ಹಾದು ಬರುತ್ತವೆ. ನನ್ನ ಊರು ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣ, ಮುಂದೆ ತರೀಕೆರೆಯಲ್ಲಿ ನೆಲೆಸಿದ ನಾಯಕರಿಗೆ ಹಿಂದೆ ರಾಜಧಾನಿಯಾಗಿದ್ದ ಈ ಕೋಟೆಯ ಊರು, ಗುಡಿಗೆ ಹೋಗುವವರೂ ದರ್ಗಾಕ್ಕೆ ಹೋಗುವವರೂ ಒಂದೇ ಬೀದಿಯಲ್ಲಿ ಎದುರಾಗುವ ಊರು. ಪೂಜೆಯ ಕ್ರಮದಲ್ಲಿ, ಊಟದಲ್ಲಿ, ಉಡುಪಿನಲ್ಲಿ ಅವರು ಬೇರೆಯಾದರೂ ಗ್ರಹಣದ ವಿಷಯದಲ್ಲಿ ಭಿನ್ನಮತವಿಲ್ಲ. ಬಸುರಿಯು ಗ್ರಹಣಕಾಲದಲ್ಲಿ ಈಳಿಗೆಯನ್ನೋ ಕತ್ತರಿಯನ್ನೋ ಹಿಡಿದರೆ ಹುಟ್ಟುವ ಕೂಸಿನ ತುಟಿ ಸೀಳುವುದೆಂಬ ನಂಬಿಕೆಯು ಇಬ್ಬರ ಮನೆಯಲ್ಲಿಯೂ ಸಮಾನ. ನನ್ನನ್ನು ನೋಡಬಂದವರೆಲ್ಲ ನನ್ನ ತಾಯಿಯನ್ನು ಕೇಳಿದ್ದು ಇದನ್ನೇ: ಅಂದು ಏನನ್ನು ಹೆಚ್ಚಿದೆ, ಏನನ್ನು ಕೊಯ್ದೆ? ಏನನ್ನೂ ಕೊಯ್ದ ನೆನಪು ಅವಳಿಗಿರಲಿಲ್ಲ. ಆದರೆ ಹತ್ತು ಜನ ಹತ್ತು ಸಲ ಕೇಳಿದ ಮೇಲೆ, ಇಲ್ಲದ ನೆನಪೊಂದು ಅವಳಲ್ಲಿ ಮೆಲ್ಲಮೆಲ್ಲನೆ ಉಂಟಾಯಿತು, ಮತ್ತು ಸಾಯುವವರೆಗೆ ಅವಳು ಆ ನೆನಪಿಗೆ ತಪ್ಪುಗಾಣಿಕೆ ಸಲ್ಲಿಸುತ್ತಲೇ ಇದ್ದಳು.

ವೈದ್ಯಶಾಸ್ತ್ರವು ಇದರ ಬಗ್ಗೆ ಹೇಳುವುದು ಸರಳವಾದ ಸಂಗತಿ. ಗರ್ಭದ ನಾಲ್ಕನೆಯ ವಾರದಿಂದ ಏಳನೆಯ ವಾರದೊಳಗೆ ಮುಖದ ಎಡಬಲಗಳಿಂದ ಬೆಳೆದುಬರುವ ಅಂಗಾಂಶಗಳು ನಡುವೆ ಸಂಧಿಸಿ ಮೇಲ್ದುಟಿಯಾಗುತ್ತವೆ. ಯಾವುದೋ ಕಾರಣದಿಂದ, ಬಹುಮಟ್ಟಿಗೆ ವಂಶವಾಹಿಗಳೂ ಪರಿಸರವೂ ಕೂಡಿದ ಕಾರಣದಿಂದ, ಆ ಸಂಧಿಯು ಪೂರ್ಣವಾಗದೆ ಹೋದರೆ ಸೀಳು ಉಳಿಯುತ್ತದೆ. ಜಗತ್ತಿನಲ್ಲಿ ಸುಮಾರು 700 ಶಿಶುಗಳಿಗೊಂದು ತುಟಿಯ ಅಥವಾ ಅಂಗುಳಿನ ಸೀಳಿನೊಡನೆ ಹುಟ್ಟುತ್ತದೆ. ಅಷ್ಟು ಎಳೆಯ ವಾರಗಳಲ್ಲಿ ಎಷ್ಟೋ ಹೆಂಗಸರಿಗೆ ತಾವು ಬಸುರಿಯೆಂಬುದೇ ತಿಳಿದಿರುವುದಿಲ್ಲ. ತನ್ನೊಳಗೆ ಇನ್ನೊಂದು ಜೀವವಿದೆಯೆಂದು ಅರಿಯದವಳ ಮೇಲೆ ಆ ಜೀವಕ್ಕೆ ಕೇಡು ಬಗೆದ ಅಪರಾಧವನ್ನು ಹೊರಿಸುವ ನ್ಯಾಯವು ಯಾವ ಧರ್ಮಕ್ಕೆ ಒಪ್ಪಿಗೆಯಾದೀತು?

ಈ ನಂಬಿಕೆಯು ತಾಯಿಯ ಮನಸ್ಸನ್ನು ಹಿಂಡಿದರೆ ಸಾಲದೆಂಬಂತೆ ಕೆಲವೊಮ್ಮೆ ಮಕ್ಕಳ ದೇಹದ ಮೇಲೆಯೇ ಎರಗುತ್ತದೆ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದಂದು ಕಲಬುರಗಿಯ ಬಳಿಯ ತಾಜಸುಲ್ತಾನಪುರದಲ್ಲಿ ಅಂಗವೈಕಲ್ಯವುಳ್ಳ ಮಕ್ಕಳನ್ನು, ವಾಸಿಯಾದಾರೆಂಬ ಆಸೆಯಿಂದ, ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತರು. ಹೂತವರು ಕ್ರೂರಿಗಳಲ್ಲ, ಹೆತ್ತವರು. ಗ್ರಹಣವು ಕೊಟ್ಟದ್ದನ್ನು ಗ್ರಹಣವೇ ಹಿಂದೆಗೆದುಕೊಳ್ಳಲಿ ಎಂಬ ಅವರ ಪ್ರಾರ್ಥನೆಯಲ್ಲಿ ನನಗೆ ಕಾಣುವುದು ನನ್ನ ತಾಯಿಯ ಮುಖವೇ. ಆದಕಾರಣ ಅವರನ್ನು ಮೌಢ್ಯವಂತರೆಂದು ಜರೆದು ಸುಮ್ಮನಾಗಲು ನನ್ನಿಂದಾಗದು. ಆ ಮಕ್ಕಳಲ್ಲಿ ಯಾವುದಾದರೂ ಒಂದು, ತನ್ನನ್ನು ಏಕೆ ಹೂಳುತ್ತಿದ್ದೀರಿ ಎಂದು ಕೇಳಿದ್ದರೆ, ಕೊಡಲು ಯಾವ ಉತ್ತರವಿತ್ತು?

ಇಲ್ಲಿ ಕರ್ಮಸಿದ್ಧಾಂತದ ಮಾತು ಬಂದೇ ಬರುತ್ತದೆ. ಮಾಡಿದ್ದುಣ್ಣೋ ಮಹರಾಯ ಎಂಬ ಗಾದೆಯನ್ನು ಅನ್ಯರ ಅಂಗವನ್ನು ನೋಡಿ ಹೇಳುವವರು ಆ ಸಿದ್ಧಾಂತವನ್ನು ತಲೆಕೆಳಗಾಗಿ ಹಿಡಿದಿದ್ದಾರೆಂದು ನನ್ನ ದೃಢವಾದ ಅಭಿಪ್ರಾಯ. ನಾನು ಇಂದು ಮಾಡುವುದು ನಾಳೆ ನನ್ನನ್ನೇ ಅರಸಿಕೊಂಡು ಬರುವುದೆಂಬ ಅರಿವಿನಿಂದ ನನ್ನ ನಡೆಯನ್ನು ತಿದ್ದಿಕೊಳ್ಳಲು ಹೇಳಿದ ಮಾತದು. ನೆರೆಯವನ ತುಟಿಯನ್ನು ನೋಡಿ ಅವನ ಪೂರ್ವಜನ್ಮದ ಲೆಕ್ಕವನ್ನು ಓದುವ ಅಧಿಕಾರವನ್ನು ಅದು ಯಾರಿಗೂ ಕೊಟ್ಟಿಲ್ಲ. ಹುಟ್ಟುಕುರುಡನೊಬ್ಬನನ್ನು ಕಂಡು, ಪಾಪ ಇವನದೋ ಇವನ ತಂದೆತಾಯಿಗಳದೋ ಎಂದು ಕೇಳಿದ ಶಿಷ್ಯರಿಗೆ, ಇಬ್ಬರದೂ ಅಲ್ಲವೆಂದು ಯೇಸು ಉತ್ತರಿಸಿದ ಪ್ರಸಂಗವು ಯೋಹಾನನ ಸುವಾರ್ತೆಯಲ್ಲಿದೆ. ಆ ಪ್ರಶ್ನೆಯು ನಮ್ಮ ದೇಶಕ್ಕೆ ಮಾತ್ರ ಸೇರಿದ್ದಲ್ಲವೆಂಬುದಕ್ಕೆ ಇಷ್ಟು ಸಾಕು.

ನಮ್ಮಲ್ಲಿಯೇ ಇದಕ್ಕಿಂತ ಆಳವಾದ ಕಥೆಯೊಂದುಂಟು. ಮಹಾಭಾರತದ ವನಪರ್ವದಲ್ಲಿ ಬರುವ ಅಷ್ಟಾವಕ್ರನ ಉಪಾಖ್ಯಾನವನ್ನು ಪಂಡಿತರು ವಾದಕೌಶಲಕ್ಕಾಗಿ ನೆನೆಯುತ್ತಾರೆ. ನಾನು ಅದನ್ನು ಮಗುವಿನ ಬಾಯಿಯ ಕಥೆಯೆಂದು ಓದುತ್ತೇನೆ. ಉದ್ದಾಲಕನ ಶಿಷ್ಯನೂ ಅಳಿಯನೂ ಆದ ಕಹೋಡನು ವೇದಾಧ್ಯಯನ ಮಾಡುತ್ತಿರಲು, ಅವನ ಹೆಂಡತಿ ಸುಜಾತೆಯ ಗರ್ಭದಲ್ಲಿದ್ದ ಶಿಶುವು, ರಾತ್ರಿಯೆಲ್ಲ ಓದಿದರೂ ನಿನ್ನ ಓದು ಸರಿಯಾಗಿಲ್ಲವೆಂದು ಹೇಳಿತು. ಶಿಷ್ಯರ ನಡುವೆ ಅವಮಾನಗೊಂಡ ತಂದೆಯು, ಎಂಟು ಕಡೆ ಸೊಟ್ಟಾಗಿ ಹುಟ್ಟೆಂದು ಶಪಿಸಿದನು. ಗಮನಿಸಬೇಕು: ಇಲ್ಲಿ ಪೂರ್ವಜನ್ಮದ ಪಾಪವಿಲ್ಲ, ತಾಯಿಯ ತಪ್ಪಿಲ್ಲ, ಮಗುವು ಆಡಿದ ಮಾತನ್ನು ಹಿರಿಯನೊಬ್ಬನು ಸಹಿಸದೆ ಹೋದದ್ದೇ ವಕ್ರತೆಯ ಕಾರಣ. ಮುಂದೆ ಕಹೋಡನು ಜನಕನ ಸಭೆಯಲ್ಲಿ ಬಂದಿಯೆಂಬ ಪಂಡಿತನೊಡನೆ ವಾದಿಸಿ ಸೋತು ನೀರುಪಾಲಾದಾಗ, ಮನೆಯವರು ಅದನ್ನೂ ಬಾಲಕನಿಂದ ಮುಚ್ಚಿಟ್ಟರು. ಹನ್ನೆರಡನೆಯ ವರ್ಷದಲ್ಲಿ ಉದ್ದಾಲಕನ ಮಗ ಶ್ವೇತಕೇತುವು ಅವನನ್ನು ಉದ್ದಾಲಕನ ತೊಡೆಯಿಂದ ಎಳೆದು, ಇದು ನಿನ್ನ ತಂದೆಯ ತೊಡೆಯಲ್ಲವೆಂದಾಗ, ಅವನು ಅಳುತ್ತ ಹೋಗಿ ತಾಯಿಯನ್ನು ಕೇಳಿದನು; ಆಗ ಅವಳು ನಿಜವನ್ನು ಹೇಳಿದಳು. ಹೇಳಿದ ಆ ನಿಜದಿಂದಲೇ ಅವನು ಜನಕನ ಬಾಗಿಲಿಗೆ ನಡೆದುದು, ಬಂದಿಯನ್ನು ಗೆದ್ದುದು, ತಂದೆಯನ್ನು ಮರಳಿ ಪಡೆದುದು. ಕೊನೆಯಲ್ಲಿ ಸಮಂಗಾ ನದಿಯಲ್ಲಿ ಮುಳುಗಿ ಎದ್ದಾಗ ಅವನ ಅಂಗಗಳು ನೇರವಾದುವೆಂದಿದೆ. ವ್ಯಾಸರ ಮುಂದೆ ತಲೆಬಾಗಿಯೂ ಹೇಳುತ್ತೇನೆ, ಆ ಸ್ನಾನವು ನನಗೆ ಬೇಕಾಗಿರಲಿಲ್ಲ. ಗೆದ್ದವನು ಇದ್ದ ಹಾಗೆಯೇ ಮನೆಗೆ ಮರಳಬಹುದಾಗಿತ್ತು.

ಕನ್ನಡದಲ್ಲಿಯಂತೂ ಜನ್ನನು 1209ರಲ್ಲಿ ಬರೆದ ಯಶೋಧರಚರಿತೆಯ ಅಷ್ಟಾವಂಕನಿದ್ದಾನೆ. ರಾಣಿ ಅಮೃತಮತಿಯು ಮರುಳಾದ ಈ ಮಾವಟಿಗನ ಕುರೂಪವನ್ನು ಕವಿಯು ಎಷ್ಟು ಸೊಗಸಾಗಿ ವರ್ಣಿಸಿದ್ದಾನೆಂದರೆ, ಓದುವವನಿಗೆ ದೇಹದ ಡೊಂಕೇ ಶೀಲದ ಡೊಂಕೆಂದು ತೋರಿಬಿಡುತ್ತದೆ. ಜನ್ನನನ್ನು ನಾನು ಗೌರವದಿಂದ ಓದುತ್ತೇನೆ, ಆದರೆ ಆ ಪುಟಗಳಲ್ಲಿ ನೋವಿನಿಂದ ಓದುತ್ತೇನೆ. ರಾಣಿಯನ್ನು ಸೆಳೆದ ಅವನ ಹಾಡಿನ ಮಾಧುರ್ಯವನ್ನು ಮರೆಯದೆ ಓದುತ್ತೇನೆ.

ಮಕ್ಕಳಿಗೆ ನಾನು ಕೊಡುವ ಉತ್ತರ ಚಿಕ್ಕದು. “ಅಮ್ಮನ ಹೊಟ್ಟೆಯೊಳಗೆ ತುಟಿಯ ಎರಡು ಭಾಗ ಕೂಡಿಕೊಳ್ಳಲಿಲ್ಲ, ಆಮೇಲೆ ಡಾಕ್ಟರು ಹೊಲಿದರು” ಎನ್ನುತ್ತೇನೆ. ನೋವಾಯಿತೇ ಎಂದು ಕೆಲವರು ಕೇಳುತ್ತಾರೆ, ಮುಟ್ಟಲೇ ಎಂದು ಕೆಲವರು. ಬಹಳ ಮಕ್ಕಳು ಅಷ್ಟಕ್ಕೇ ತೃಪ್ತರಾಗಿ ಬೇರೆ ಮಾತಿಗೆ ಹೊರಳುತ್ತಾರೆ. ಉತ್ತರಿಸುವ ಮನಸ್ಸಿಲ್ಲದ ದಿನವೂ ಇರುವುದುಂಟು. ಪ್ರತಿದಿನವೂ ಪಾಠ ಹೇಳುವ ಋಣವನ್ನು ಹೊತ್ತು ಯಾರೂ ಹುಟ್ಟುವುದಿಲ್ಲವಾದ್ದರಿಂದ, ಅಂದು ಮುಗುಳ್ನಕ್ಕು ಮುಂದೆ ಸಾಗುವುದರಲ್ಲಿ ದೋಷವಿಲ್ಲ. ಆದರೆ ಮಗುವಿನ ತೋಳು ಹಿಡಿದೆಳೆದು “ಶ್, ಹಾಗೆಲ್ಲ ಕೇಳಬಾರದು” ಎನ್ನುವ ತಾಯಿಯನ್ನು ಕಂಡಾಗ ನಾನು ನಿಂತುಬಿಡುತ್ತೇನೆ. ಆ ಗದರಿಕೆಯಿಂದ ಮಗುವು ಕಲಿಯುವುದು ಸೌಜನ್ಯವನ್ನಲ್ಲ. ಈ ಮುಖದಲ್ಲಿ ಬಾಯಿಬಿಟ್ಟು ಹೇಳಲಾರದ ಏನೋ ಇದೆಯೆಂಬ ಭಯವನ್ನು. “ಕೇಳಲಿ ಬಿಡಮ್ಮ” ಎಂದು ಹೇಳಿ, ಮಗುವಿಗೆ ಹೇಳುವ ಅದೇ ಮಾತನ್ನು ತಾಯಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳುತ್ತೇನೆ, ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲವೆಂಬುದನ್ನೂ ಸೇರಿಸುತ್ತೇನೆ. ಅವಳು ಬಸುರಿಯಾಗಿರಬಹುದು, ಅಥವಾ ಅವಳ ತಂಗಿಯ ಮನೆಯಲ್ಲಿ ಸೆರಗಿನ ಮರೆಯಲ್ಲಿಟ್ಟು ಹಾಲೂಡುತ್ತಿರುವ ಇಂಥದೇ ಕೂಸೊಂದಿರಬಹುದು. ಹಿರಿಯರು ನನ್ನೆದುರು ಈ ಪ್ರಶ್ನೆಯನ್ನು ಎಂದಿಗೂ ಎತ್ತುವುದಿಲ್ಲವಾಗಿ, ಅವರಿಗೆ ಇಷ್ಟನ್ನು ಹೇಳುವ ಅವಕಾಶವು ನನಗೆ ದೊರೆಯುವುದು ಅವರ ಮಕ್ಕಳು ಕೇಳಿದಾಗ ಮಾತ್ರ.