ಕೋವಿ ಹೊತ್ತವನ ಎದುರಿಗಿರುವವರು

ಅಂಗಡಿಗೆ ಹೊರಡುವಾಗ ಯಾರೂ ಧೈರ್ಯ ಕಟ್ಟಿಕೊಂಡು ಹೊರಡುವುದಿಲ್ಲ. ಚೀಲ, ಚೀಟಿ, ಒಂದಿಷ್ಟು ದುಡ್ಡು ಇದ್ದರೆ ಆಯಿತು. ಹೆಸರೇ ಗೊತ್ತಿಲ್ಲದ ನೂರಾರು ಜನರಿಗೆ ಬೆನ್ನು ಮಾಡಿ ನಿಂತು, ಬೇಳೆಯ ಪೊಟ್ಟಣದ ಮೇಲಿನ ತಾರೀಖನ್ನು ಕಣ್ಣು ಕಿರಿದು ಮಾಡಿಕೊಂಡು ಓದುವಷ್ಟು ನಿಶ್ಚಿಂತೆ ನಮಗಿರುತ್ತದೆ. ಆ ನಿಶ್ಚಿಂತೆಯನ್ನು ನಮಗೆ ಕೊಟ್ಟವರು ಸುತ್ತ ನಿಂತ ಅಪರಿಚಿತರೇ ಅಲ್ಲವೆ? ಕೊಟ್ಟದ್ದು ಅವರಿಗೂ ಗೊತ್ತಿಲ್ಲ, ಪಡೆದದ್ದು ನಮಗೂ ಗೊತ್ತಿಲ್ಲ.

2019ರ ಆಗಸ್ಟ್ 3ರ ಶನಿವಾರ ಬೆಳಿಗ್ಗೆ ಟೆಕ್ಸಾಸ್ ರಾಜ್ಯದ ಎಲ್ ಪಾಸೊ ನಗರದ ವಾಲ್‌ಮಾರ್ಟ್‌ ಅಂಗಡಿಯಲ್ಲಿ ಆ ನಿಶ್ಚಿಂತೆ ಒಡೆದುಹೋಯಿತು. ಶಾಲೆಗಳು ತೆರೆಯುವ ಹೊತ್ತು. ಗಡಿಯಾಚೆಯ ಮೆಕ್ಸಿಕೊದಿಂದಲೂ ಜನ ಸಂಸಾರ ಸಮೇತ ಸಾಮಾನಿಗೆ ಬಂದಿದ್ದರು. ಡಲ್ಲಾಸ್ ಬಳಿಯ ಆಲೆನ್ ಎಂಬ ಊರಿನ ಯುವಕನೊಬ್ಬ ಹತ್ತು ಗಂಟೆಗೂ ಹೆಚ್ಚು ಹೊತ್ತು ಕಾರು ಓಡಿಸಿಕೊಂಡು ಬಂದು, ಹಿಸ್ಪಾನಿಕ್ ಜನರ ಮೇಲಿನ ದ್ವೇಷದಿಂದ ಗುಂಡಿನ ಮಳೆಗರೆದ. ಸತ್ತವರು 23 ಜನ.

ಇದಾದ ಐದೇ ದಿನಕ್ಕೆ, ಮಿಸೌರಿಯ ಸ್ಪ್ರಿಂಗ್‌ಫೀಲ್ಡ್‌ನ ಇನ್ನೊಂದು ವಾಲ್‌ಮಾರ್ಟ್‌ಗೆ ಇಪ್ಪತ್ತು ವರ್ಷದ ಹುಡುಗನೊಬ್ಬ ಗುಂಡುನಿರೋಧಕ ಕವಚ ತೊಟ್ಟು, ಗುಂಡು ತುಂಬಿದ ರೈಫಲ್ ತೂಗುಹಾಕಿಕೊಂಡು, ಸಾಮಾನಿನ ಗಾಡಿ ತಳ್ಳುತ್ತ ಒಳಗೆ ನಡೆದ. ಜನ ಕೈಲಿದ್ದದ್ದನ್ನು ಬಿಟ್ಟು ಓಡಿದರು. ಅವನು ಒಂದು ಗುಂಡನ್ನೂ ಹಾರಿಸಲಿಲ್ಲ. ಆಯುಧ ಹೊರುವ ತನ್ನ ಹಕ್ಕಿಗೆ ಈ ಅಂಗಡಿ ಬೆಲೆ ಕೊಡುತ್ತದೆಯೇ ಎಂದು ಪರೀಕ್ಷಿಸಲು ಬಂದಿದ್ದೆ ಎಂದ.

ಗುಂಡು ಹಾರಿಸಿದವನಿಗಿಂತ ಹಾರಿಸದೇ ಇದ್ದ ಈ ಹುಡುಗನೇ ನನ್ನನ್ನು ಹೆಚ್ಚು ಕಾಡುತ್ತಾನೆ. ಕೊಲೆಗಾರನ ದ್ವೇಷವನ್ನು ಗುರುತಿಸುವುದು ಕಷ್ಟವಲ್ಲ. ಇವನಿಗೆ ಪ್ರಾಯಶಃ ಯಾರ ಮೇಲೂ ಹಗೆಯಿರಲಿಲ್ಲ. ನಾಡಿಗೆ ನಾಡೇ ಸೂತಕದಲ್ಲಿದ್ದ ವಾರದಲ್ಲಿ, ಮಗುವಿನ ಕೈ ಹಿಡಿದು ಎದುರಿಗೆ ಬರುವ ತಾಯಿಯೊಬ್ಬಳ ಕಣ್ಣಿಗೆ ತಾನು ಹೇಗೆ ಕಂಡೇನು ಎಂಬುದೊಂದು ಅವನ ಎಣಿಕೆಗೆ ಬರಲಿಲ್ಲ, ಅಷ್ಟೆ. ಹಕ್ಕಿನ ಬಗ್ಗೆ ಯೋಚಿಸುತ್ತ ಯೋಚಿಸುತ್ತ ಮನುಷ್ಯ ತನ್ನ ಎದುರಿಗಿರುವವರನ್ನೇ ಕಾಣದಂತಾಗುವುದು ಎಷ್ಟು ಸುಲಭ! ಕೋವಿಯ ವಿಷಯದಲ್ಲಿ ಅದು ಭೀಕರವಾಗಿ ಕಾಣುತ್ತದೆ. ಉಳಿದ ಕಡೆ ನಾವೆಲ್ಲರೂ ದಿನವೂ ಸ್ವಲ್ಪ ಸ್ವಲ್ಪ ಮಾಡುವುದೂ ಅದನ್ನೇ ಏನೋ.

ಸೆಪ್ಟೆಂಬರ್ 3ರಂದು ವಾಲ್‌ಮಾರ್ಟ್ ಪಿಸ್ತೂಲಿನ ಗುಂಡುಗಳ ಮಾರಾಟವನ್ನು ನಿಲ್ಲಿಸುವುದಾಗಿ ಹೇಳಿತು. ಕಾನೂನು ಒಪ್ಪುವ ರಾಜ್ಯಗಳಲ್ಲೂ ಕಣ್ಣಿಗೆ ಕಾಣುವಂತೆ ಆಯುಧ ಹೊತ್ತು ಒಳಗೆ ಬರಬೇಡಿ ಎಂದು ಗಿರಾಕಿಗಳನ್ನು ಕೇಳಿಕೊಂಡಿತು. ಕ್ರೋಗರ್, ವಾಲ್‌ಗ್ರೀನ್ಸ್, ಸಿವಿಎಸ್ ಅದೇ ದಾರಿ ಹಿಡಿದವು. ಸ್ಟಾರ್‌ಬಕ್ಸ್ 2013ರಲ್ಲೇ ಇಂಥ ಮಾತು ಆಡಿತ್ತು. ಇವು ಯಾವುವೂ ನಿಷೇಧವಾಗಿರಲಿಲ್ಲ, ಬರೀ ವಿನಂತಿ. ಪರವಾನಗಿ ಪಡೆದು ಬಟ್ಟೆಯೊಳಗೆ ಇಟ್ಟುಕೊಂಡು ಬರುವವರ ಗೋಜಿಗೆ ವಾಲ್‌ಮಾರ್ಟ್ ಹೋಗಲಿಲ್ಲ. ಬೇಟೆಯ ಕೋವಿ ಮಾರುವುದನ್ನೂ ಬಿಡಲಿಲ್ಲ. ಬೆನ್ನುಮೂಳೆಯಿಲ್ಲದ ವ್ಯಾಪಾರಿಯ ಮಾತು ಎಂದು ಇದನ್ನು ತಳ್ಳಿಹಾಕಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಎದುರಿಗಿರುವವನಿಗೆ ದಾಕ್ಷಿಣ್ಯವಿದೆ ಎಂದು ನಂಬಿದವರು ಮಾತ್ರ ವಿನಂತಿ ಮಾಡುತ್ತಾರೆ, ಆ ನಂಬಿಕೆ ಉಳಿದಿರುವುದು ಸಣ್ಣ ಸಂಗತಿಯಲ್ಲ.

ಬೇಡಿಕೊಳ್ಳುವುದೇಕೆ, ಬಾಗಿಲಲ್ಲೇ ತಪಾಸಣೆ ಮಾಡಿ ಎನ್ನುವವರ ನೋವೂ ನಿಜವಾದದ್ದೇ. ಆದರೆ ಎಲ್ ಪಾಸೊದಲ್ಲಿ ಗುಂಡು ಮೊದಲು ಸಿಡಿದದ್ದು ಅಂಗಡಿಯ ಹೊರಗೆ, ಕಾರು ನಿಲ್ಲಿಸುವ ಜಾಗದಲ್ಲಿ. 2022ರ ಮೇ ತಿಂಗಳಲ್ಲಿ ಬಫಲೊ ನಗರದ ಟಾಪ್ಸ್ ಅಂಗಡಿಯಲ್ಲಿ ಕಪ್ಪು ಜನಾಂಗದ ಹತ್ತು ಮಂದಿ ಬಲಿಯಾದಾಗ ಅಲ್ಲಿ ಆಯುಧ ಹಿಡಿದ ಕಾವಲುಗಾರನಿದ್ದ, ನಿವೃತ್ತ ಪೊಲೀಸ್. ಅವನು ಹಾರಿಸಿದ ಗುಂಡು ಹಂತಕನ ಕವಚಕ್ಕೆ ತಾಗಿ ನಿಂತಿತು. ಅವನೂ ಪ್ರಾಣ ಬಿಟ್ಟ. ಅದೇ ನವೆಂಬರ್‌ನಲ್ಲಿ ವರ್ಜೀನಿಯಾದ ಚೆಸಪೀಕ್‌ನ ವಾಲ್‌ಮಾರ್ಟ್‌ನಲ್ಲಿ ಆರು ಸಹೋದ್ಯೋಗಿಗಳನ್ನು ಕೊಂದವನು ಅಲ್ಲಿಯೇ ರಾತ್ರಿ ಪಾಳಿಯ ಮೇಲ್ವಿಚಾರಕ. ಯಂತ್ರ ಲೋಹವನ್ನು ಹಿಡಿದೀತು, ಲೋಹ ಹಿಡಿದವನ ಮನಸ್ಸನ್ನು ಹಿಡಿಯಲಾರದು.

ತಪಾಸಣೆಗೆ ಒಗ್ಗಿಹೋದ ಊರು ಹೇಗಿರುತ್ತದೆ ಎಂಬುದು 2008ರ ಮುಂಬೈ ದಾಳಿಯ ನಂತರದ ನಮಗೆ ಗೊತ್ತು. ಬೆಂಗಳೂರಿನ ಮಾಲ್‌ಗಳಲ್ಲಿ ಲೋಹ ಪತ್ತೆಯ ಚೌಕಟ್ಟು ದಾಟುವಾಗ ಅದು ಕೀಂಯ್ ಎನ್ನುತ್ತದೆ, ಕಾವಲಿನವರು ಮುಂದೆ ಹೋಗಿ ಎಂದು ಕೈಬೀಸುತ್ತಾರೆ, ನಾವು ಅವರ ಮುಖ ನೋಡದೆಯೇ ಚೀಲ ತೆರೆದು ತೋರಿಸಿ ನಡೆಯುತ್ತೇವೆ. ಅನುಮಾನಿಸುವುದೂ ಅನುಮಾನಕ್ಕೆ ಒಳಗಾಗುವುದೂ ಎರಡೂ ಕಡೆಯವರಿಗೆ ಮರೆತೇ ಹೋಗುವಷ್ಟು ಅಭ್ಯಾಸವಾಗಿದೆ. ಮರೆಯದಿರುವುದು ಒಂದೇ: ಯಾರನ್ನು ಬೇಗ ಬಿಡಬೇಕು, ಯಾರನ್ನು ನಿಲ್ಲಿಸಬೇಕು ಎಂಬುದು. ಬಟ್ಟೆ, ಬಣ್ಣ, ಗಡ್ಡ, ಭಾಷೆ ಇವುಗಳ ಮೇಲೆ ಕಣ್ಣು ಹೋಗದ ತಪಾಸಣೆ ಎಲ್ಲಾದರೂ ಇದೆಯೇ? 2014ರಲ್ಲಿ ಒಹಾಯೊದ ಬೀವರ್‌ಕ್ರೀಕ್‌ನ ವಾಲ್‌ಮಾರ್ಟ್‌ನಲ್ಲಿ ಕಪ್ಪು ಯುವಕನೊಬ್ಬ ಅಂಗಡಿಯಲ್ಲೇ ಮಾರಾಟಕ್ಕಿಟ್ಟಿದ್ದ ಛರ್ರೆ ಬಂದೂಕನ್ನು ಕೈಗೆತ್ತಿಕೊಂಡು ಫೋನಿನಲ್ಲಿ ಮಾತಾಡುತ್ತ ಓಡಾಡುತ್ತಿದ್ದ. ಯಾರೋ ಪೊಲೀಸರಿಗೆ ಕರೆ ಮಾಡಿದರು, ಬಂದವರು ಅವನನ್ನು ಕೊಂದರು. ಬಹಿರಂಗವಾಗಿ ನಿಜವಾದ ಕೋವಿ ಹೊರಲು ಕಾನೂನು ಬಿಡುವ ರಾಜ್ಯ ಅದು. ಸ್ಪ್ರಿಂಗ್‌ಫೀಲ್ಡ್‌ನ ಬಿಳಿಯ ಹುಡುಗ ಜೀವಂತ ಸೆರೆಯಾದ.

ಕೋವಿಯ ಮೇಲಿನ ಪ್ರೀತಿ ನಮ್ಮಲ್ಲೂ ಇದೆ. ನಮ್ಮ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿಗೆ ಪರವಾನಗಿ ಬೇಡ. ಬ್ರಿಟಿಷರ ಕಾಲದಿಂದ ಬಂದ ಆ ವಿನಾಯಿತಿಯನ್ನು 2021ರಲ್ಲಿ ಕರ್ನಾಟಕ ಹೈಕೋರ್ಟು ಎತ್ತಿಹಿಡಿಯಿತು. ಕೈಲ್ ಪೊಳ್ದ್ ಹಬ್ಬದ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತಾರೆ. ಅಲ್ಲಿ ಕೋವಿಯಿಂದ ಅನಾಹುತಗಳೇ ಆಗಿಲ್ಲವೆಂದಲ್ಲ. ಆದರೂ ಅದನ್ನು ಹೆಗಲಿಗೇರಿಸಿಕೊಂಡು ಮಡಿಕೇರಿಯ ಸಂತೆಗೆ ಸೊಪ್ಪು ಕೊಳ್ಳಲು ಹೋಗುವುದು ರೂಢಿಯಲ್ಲಿಲ್ಲ. ಅದಕ್ಕೆ ಮನೆ, ಗದ್ದೆ, ಕಾಡು, ಹುಟ್ಟು, ಸಾವು, ಹಬ್ಬ ಎಂಬ ಜಾಗಗಳಿವೆ. ಪ್ರೀತಿಸುವ ವಸ್ತುವನ್ನು ಎಲ್ಲಿ ಕೆಳಗಿಡಬೇಕು ಎಂದು ತಿಳಿದಿರುವುದು ಆ ಪ್ರೀತಿಗೆ ಕುಂದೇನೂ ಅಲ್ಲವಲ್ಲ.

ಎಲ್ ಪಾಸೊ ಹಂತಕನ ಊರಾದ ಅದೇ ಆಲೆನ್‌ನ ಮಾಲ್‌ನಲ್ಲಿ 2023ರ ಮೇ ತಿಂಗಳಲ್ಲಿ ಬೇರೊಬ್ಬನ ಗುಂಡಿಗೆ ಎಂಟು ಮಂದಿ ತೀರಿಕೊಂಡರು. ಹೈದರಾಬಾದಿನ ಯುವ ಇಂಜಿನಿಯರ್ ಒಬ್ಬಳೂ ಅವರಲ್ಲಿದ್ದಳು. ಡಲ್ಲಾಸ್ ಸುತ್ತಮುತ್ತ ನೆಲೆಸಿದ ಮಕ್ಕಳನ್ನು ನೋಡಲು ಹೋಗುವ ನಮ್ಮ ಅಪ್ಪ ಅಮ್ಮಂದಿರು ಸಂಜೆ ಹೊತ್ತು ಕಳೆಯಲು ಹೋಗುವುದೂ ಇಂಥವೇ ಮಾಲ್‌ಗಳಿಗೆ. ಇದು ದೂರದ ದೇಶದವರ ಚರ್ಚೆ ಎಂದು ಸುಮ್ಮನಿರಲು ನನಗೆ ಆಗುವುದಿಲ್ಲ.

ಅದೇ ವರ್ಷ ಹವಾಯಿ ರಾಜ್ಯ ಒಂದು ಕಾನೂನು ಮಾಡಿತು: ಸಾರ್ವಜನಿಕರಿಗೆ ತೆರೆದ ಅಂಗಡಿಯೇ ಆದರೂ, ಮಾಲೀಕರು ಸ್ಪಷ್ಟವಾಗಿ ಒಪ್ಪಿಗೆ ಕೊಡದೆ ಯಾರೂ ಕೋವಿಯೊಂದಿಗೆ ಒಳಗೆ ಬರುವಂತಿಲ್ಲ. ಬೇರೆ ಬಹುತೇಕ ಕಡೆ ಮಾಲೀಕರೇ ಬೇಡವೆಂದು ಹೇಳಬೇಕು, ಬೇಡವೆನ್ನದಿದ್ದರೆ ಒಪ್ಪಿದಂತೆ. ಈ ಜಗಳ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಮೌನಂ ಸಮ್ಮತಿ ಲಕ್ಷಣ ಎನ್ನುತ್ತೇವೆ. ಆದರೆ ಹೆದರಿದವರದೂ ಮೌನವೇ ಅಲ್ಲವೇ? ಬಾಗಿಲ ಬಳಿ ನಿಂತು ಬಂದವರಿಗೆಲ್ಲ ನಮಸ್ಕಾರ ಹೇಳುವ, ಗಂಟೆಯ ಲೆಕ್ಕದಲ್ಲಿ ಸಂಬಳ ಪಡೆಯುವ ವಯಸ್ಸಾದ ಕೆಲಸಗಾರ್ತಿಯೊಬ್ಬಳು ರೈಫಲ್ ಹೊತ್ತವನಿಗೆ ದಯವಿಟ್ಟು ಅದನ್ನು ಕಾರಿನಲ್ಲಿಟ್ಟು ಬನ್ನಿ ಎಂದು ಯಾವ ದನಿಯಲ್ಲಿ ಹೇಳಬೇಕು? ಕೇಳುವ ಭಾರವನ್ನು ಆಕೆಯ ಮೇಲಿಂದ ತೆಗೆದು ಕೋವಿ ಹೊತ್ತವನ ಮೇಲಿಟ್ಟ ಹವಾಯಿಯ ಜನ ಸರಿಯಾದದ್ದನ್ನೇ ಮಾಡಿದರು ಎಂದು ನಾನು ನಂಬುತ್ತೇನೆ.