ವಂಶದ ಕಥೆಯೂ ಕುಲದ ಮದವೂ

ಜೀವವು ಒಂಟಿಯಾಗಿ ಹುಟ್ಟಿ, ಒಂಟಿಯಾಗಿ ಕರ್ಮಫಲವನ್ನುಂಡು, ಒಂಟಿಯಾಗಿಯೇ ತೆರಳುತ್ತದೆಂದು ಏಕತ್ವಾನುಪ್ರೇಕ್ಷೆಯು ಬೋಧಿಸುತ್ತದೆ. ಕುಲದ ಹೆಮ್ಮೆಯನ್ನು ಆಚಾರ್ಯರು ಅಷ್ಟಮದಗಳಲ್ಲಿ ಎಣಿಸಿದ್ದಾರೆ. ಹೀಗಿರುವಾಗ ಶ್ರಾವಕನು ತನ್ನ ಮನೆತನದ ಮೂಲವನ್ನು ಹುಡುಕಿಕೊಂಡು ಹೊರಡುವುದು ಉಚಿತವೇ?

ಒಂದು ಸಂದರ್ಭವನ್ನು ಊಹಿಸಿಕೊಳ್ಳಬಹುದು. ಎಂಬತ್ತು ದಾಟಿದ ಒಬ್ಬ ವೃದ್ಧೆ. ಕಾಲೇಜಿನಲ್ಲಿ ಓದುತ್ತಿರುವ ಆಕೆಯ ಅಣ್ಣನ ಮೊಮ್ಮಗ. ಮನೆಯ ಉಳಿದವರಿಗೆ ಮುದುಕಿಯ ಹಳೆಯ ಮಾತು ಬೇಡ. ಹುಡುಗನಿಗೆ ಬೇಕಾದುದು ಅದೇ. ಶ್ರೀರಂಗಪಟ್ಟಣದ ಆದಿನಾಥ ಬಸದಿಯಿಂದ ಹೊರಟು, ಕೃಷ್ಣರಾಜಪೇಟೆಯ ಬಳಿಯ ಹೊಸಹೊಳಲಿನ ಪಾರ್ಶ್ವನಾಥ ಬಸದಿಯನ್ನು ಕಂಡು, ನಾಗಮಂಗಲ ಸೀಮೆಯ ಕಂಬದಹಳ್ಳಿಯವರೆಗೆ ಇಬ್ಬರೂ ಅಲೆಯುತ್ತಾರೆ. ಆಕೆಗೆ ಊರು, ಹೆಸರು, ಬಳಗಗಳೆಲ್ಲ ಬಾಯಿಪಾಠ. ಶಾಸನದ ಲಿಪಿ ತಿಳಿಯದು. ಆತನ ಚೀಲದಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ ಸಂಪುಟಗಳಿವೆ. 6ನೆಯದರಲ್ಲಿ ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ತಾಲ್ಲೂಕುಗಳ ಶಾಸನಗಳು, 7ನೆಯದರಲ್ಲಿ ನಾಗಮಂಗಲದವು. ಒಬ್ಬರಿಲ್ಲದೆ ಇನ್ನೊಬ್ಬರ ತಿಳಿವಳಿಕೆ ಅರ್ಧ.

ಕಂಬದಹಳ್ಳಿಯ ಕಲ್ಲು ಅವರನ್ನು ಬಹುಕಾಲ ನಿಲ್ಲಿಸೀತು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ತಲಕಾಡನ್ನು ಗೆದ್ದುಕೊಟ್ಟು, ಬಹುಮಾನವಾಗಿ ಬಿಂಡಿಗನವಿಲೆಯನ್ನು ಬೇಡಿ ಪಡೆದು, ಅದನ್ನು 1118ರಲ್ಲಿ ತನ್ನ ಗುರು ಶುಭಚಂದ್ರ ಸಿದ್ಧಾಂತದೇವರಿಗೆ ದತ್ತಿಯಾಗಿ ಬಿಟ್ಟನು. ಶ್ರವಣಬೆಳಗೊಳದಲ್ಲಿ ತಾಯಿ ಪೋಚಿಕಬ್ಬೆಗೂ ಮಡದಿ ಲಕ್ಷ್ಮೀಮತಿಗೂ ನಿಷಿಧಿಗಳನ್ನು ನಿಲ್ಲಿಸಿದವನೂ ಇವನೇ. ಇವನ ಮಗ ಬೊಪ್ಪನು ತಂದೆಯ ನೆನಪಿಗಾಗಿ 1133ರಲ್ಲಿ ಹಳೇಬೀಡಿನಲ್ಲಿ ಕಟ್ಟಿಸಿದ ಬಸದಿಗೆ ತಂದೆಯ ಬಿರುದನ್ನೇ ಇಟ್ಟು 'ದ್ರೋಹಘರಟ್ಟ ಜಿನಾಲಯ'ವೆಂದನು. ದ್ರೋಹಿಗಳನ್ನು ಅರೆಯುವ ಬೀಸುಕಲ್ಲು ಎಂಬುದು ಆ ಬಿರುದಿನ ಅರ್ಥ. ಅಹಿಂಸೆಯ ಸ್ವಾಮಿಯ ಮನೆಗೆ ರಣರಂಗದ ಹೆಸರು! ಮಗನಿಗೆ ಇದು ವಿಚಿತ್ರವೆನಿಸಲಿಲ್ಲ. ಪಿತೃಪ್ರೇಮವು ಕಣ್ಣಿಗೆ ಕಟ್ಟುವ ತೆರೆ ಎಷ್ಟು ದಪ್ಪವಾದುದೆಂದು ಇದರಿಂದ ತಿಳಿಯುತ್ತದೆ. ಆದರೂ ಬೊಪ್ಪನು ಏನನ್ನೂ ಮರೆಮಾಚಲಿಲ್ಲ. ತಂದೆಯ ದಾನವೂ ಕತ್ತಿಯೂ ಒಂದೇ ಮನೆಯ ಕಥೆಯಾಗಿ ಉಳಿದುವು.

ಕಲ್ಲುಗಳಿಗೆ ಈ ಗುಣವಿದೆ. 1368ರ ಬುಕ್ಕರಾಯನ ಶಾಸನವೂ ಜೈನರಿಗೂ ಶ್ರೀವೈಷ್ಣವರಿಗೂ ನಡೆದ ವಿವಾದವನ್ನು ಮುಚ್ಚದೆ ಹೇಳಿಯೇ ಬಗೆಹರಿಸುತ್ತದೆ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯೂ, ತಿರುನಾರಾಯಣಪುರವೆಂಬ ಹೆಸರಿನಿಂದ, ಅದರಲ್ಲಿ ಬರುತ್ತದೆ. ಮನೆತನಗಳು ಇಷ್ಟು ಪ್ರಾಮಾಣಿಕವಲ್ಲ.

ಈಗ ನಿಜವಾದ ಇಕ್ಕಟ್ಟು. ಮನೆಯ ಜಮೀನಿನ ಒಂದು ಭಾಗವು ಗಂಡ ಸತ್ತ ಸೊಸೆಯೊಬ್ಬಳಿಗೆ ಸಲ್ಲಬೇಕಾಗಿತ್ತೆಂದೂ, ಸುಳ್ಳುಸಾಕ್ಷಿ ನುಡಿಸಿ ಅದನ್ನು ಉಳಿಸಿಕೊಂಡರೆಂದೂ, ಆಕೆ ಬರಿಗೈಯಲ್ಲಿ ತೌರಿಗೆ ಹೋದಳೆಂದೂ ಮುದುಕಿಗೆ ಗೊತ್ತಿದೆ ಎನ್ನೋಣ. ಹೇಳಬೇಕೇ? ಸಮಂತಭದ್ರಾಚಾರ್ಯರು ಸತ್ಯಾಣುವ್ರತವನ್ನು ವಿವರಿಸುವಾಗ, ಪರರಿಗೆ ವಿಪತ್ತನ್ನು ತರುವ ಸತ್ಯವನ್ನೂ ಆಡಬಾರದೆನ್ನುತ್ತಾರೆ. ಹಿರಿಯರು ಬಾಯಿ ಮುಚ್ಚಿಕೊಳ್ಳಲು ಈ ಮಾತನ್ನು ಆಶ್ರಯಿಸುವುದುಂಟು. ಆದರೆ ಇಲ್ಲಿ ವಿಪತ್ತು ಯಾರಿಗೆ? ಕೆಡುವುದು ಮನೆತನದ ಹೆಸರು. ಎಂದರೆ ಯಾವ ಮದವನ್ನು ಬಿಡಬೇಕೆಂದು ಆಚಾರ್ಯರೇ ಹೇಳಿದರೋ ಅದು. ಮದಕ್ಕೆ ಬಂದ ನೋವನ್ನು ಜೀವಕ್ಕೆ ಬಂದ ವಿಪತ್ತೆಂದು ಎಣಿಸುವುದು ಸಲ್ಲದು.

ಜನ್ನನು 1209ರಲ್ಲಿ ರಚಿಸಿದ ಯಶೋಧರಚರಿತೆಯಲ್ಲಿಯೂ ಹೇಳುವುದು ವಂಶದ ಕಥೆಯನ್ನೇ. ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಗೊಟ್ಟ ಯಶೋಧರನೂ ಆ ತಾಯಿಯೂ ಹಲವು ತಿರ್ಯಗ್ಜನ್ಮಗಳಲ್ಲಿ ನವೆದು, ಕೊನೆಗೆ ಯಶೋಧರನ ಮಗನಿಗೇ ಅವಳಿ ಮಕ್ಕಳಾಗಿ ಹುಟ್ಟುತ್ತಾರೆ. ಅಜ್ಜಿ ಮೊಮ್ಮಗನ ಮಗಳಾಗುತ್ತಾಳೆ. ತಂದೆ ಮಗನ ಮಗನಾಗುತ್ತಾನೆ. ಹಿರಿತನ ಕಿರಿತನಗಳು ಹೀಗೆ ತಲೆಕೆಳಗಾದ ಆ ಮಕ್ಕಳು ಬಲಿಪೀಠದ ಮುಂದೆ ನಿಂತು ಹೇಳಿದ್ದು ಕುಲದ ಕೀರ್ತಿಯನ್ನಲ್ಲ, ತಮ್ಮ ತಪ್ಪನ್ನು. ಅದನ್ನು ಕೇಳಿಯೇ ಮಾರಿದತ್ತನು ಬಲಿಯನ್ನು ಬಿಟ್ಟನು.

ಹುಡುಗನು ಬರೆದಿಟ್ಟ ವಂಶವೃಕ್ಷದಲ್ಲಿ ಆ ಸೊಸೆಯ ಹೆಸರಿಲ್ಲ. ಪೋಚಿಕಬ್ಬೆಯ ಹೆಸರು ಕಲ್ಲಿನಲ್ಲಿದೆ. ಇವಳದು ಒಬ್ಬಳ ನೆನಪಿನಲ್ಲಿ ಮಾತ್ರ. ಆಕೆಗೆ ಎಂಬತ್ತು ದಾಟಿದೆ.